ಆ ಹುಡುಗಿಯರು ಎಲ್ಲಿ ಹೋದರು? ‘ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್’ ನೋಡಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮ ಮನೆಯ ಮಹಡಿಯಲ್ಲಿ ಒಂದು ಉದ್ದ ಕೋಣೆ ಉಂಟು. ಮೇಲೆ ಹಂಚಿನ ಮಾಡು, ಒಂದು ಬದಿಗೆ ಬಿಳಿ ಗೋಡೆ. ತುಳುವರ ಆಟಿ ತಿಂಗಳಲ್ಲಿ, ಅಂದರೆ ಜುಲೈ ಆಗಸ್ಟಿನ ಮಳೆಗಾಲದಲ್ಲಿ, ಮದುವೆ, ಮನೆ ಒಕ್ಕಲು ಎಂತದ್ದೂ ಇರುವುದಿಲ್ಲ. ಹೊರಗೆ ಹೋಗೋಣ ಅಂದರೆ ಮಳೆ ಬಿಡುವುದಿಲ್ಲ. ಹಾಗಾಗಿ ಹತ್ತು ಹದಿನೈದು ಜನ ಸೇರಿ ಆ ಗೋಡೆಯ ಮೇಲೆ ಸಿನಿಮಾ ನೋಡುತ್ತೇವೆ. ಬೇರೆ ಸಿನಿಮಾಗಳು ವರ್ಷ ವರ್ಷ ಬದಲಾಗುತ್ತವೆ. ಇದೊಂದು ಬದಲಾಗುವುದಿಲ್ಲ. ಮುಗಿದ ಮೇಲೆ ಗೋಳಿಬಜೆ ತಿನ್ನುತ್ತಾ ಜನ ಕೇಳುವ ಪ್ರಶ್ನೆಗಳೂ ಬದಲಾಗುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದಿಟ್ಟೆ.

ಮೊದಲ ಆರು ಪ್ರಶ್ನೆ ಸಿನಿಮಾ ನೋಡದವರಿಗೆ. ಅಲ್ಲಿಂದ ಮುಂದೆ ಕಥೆ ಪೂರ್ತಿ ಬಿಚ್ಚಿದ್ದೇನೆ. ನೋಡದವರು ಅಲ್ಲಿಗೆ ನಿಲ್ಲಿಸಿ, ನೋಡಿ ಬಂದು ಓದಿ.

ಇದು ಎಂತ ಸಿನಿಮಾ? ಕಥೆ ಒಂದು ಸಾಲಿನಲ್ಲಿ ಹೇಳಿ.

1975ರಲ್ಲಿ ಬಂದ ಆಸ್ಟ್ರೇಲಿಯಾದ ಸಿನಿಮಾ. ನಿರ್ದೇಶಕ ಪೀಟರ್ ವಿಯರ್. ಜೋನ್ ಲಿಂಡ್ಸೆ 1967ರಲ್ಲಿ ಬರೆದ ಕಾದಂಬರಿಯಿಂದ ತೆಗೆದದ್ದು.

1900ನೇ ಇಸವಿ, ಫೆಬ್ರವರಿ 14. ಅಲ್ಲಿ ಆಗ ಸುಡು ಬೇಸಿಗೆ. ವಿಕ್ಟೋರಿಯಾದ ಒಳನಾಡಿನಲ್ಲಿ ಸಿರಿವಂತರ ಮನೆಯ ಹೆಣ್ಣುಮಕ್ಕಳಿಗಾಗಿ ಒಂದು ಬೋರ್ಡಿಂಗ್ ಶಾಲೆ, ಹೆಸರು ಆಪಲ್‌ಯಾರ್ಡ್ ಕಾಲೇಜು. ಅಲ್ಲಿಂದ ಕುದುರೆಗಾಡಿಯಲ್ಲಿ ಹ್ಯಾಂಗಿಂಗ್ ರಾಕ್ ಎಂಬ ಬಂಡೆಯ ಬುಡಕ್ಕೆ ಪಿಕ್ನಿಕ್ ಹೋಗುತ್ತಾರೆ. ಊಟ ಆದ ಮೇಲೆ ಎಲ್ಲರಿಗೂ ತೂಕಡಿಕೆ. ನಾಲ್ಕು ಹುಡುಗಿಯರು ಬಂಡೆಯನ್ನು ಹತ್ತಿರದಿಂದ ನೋಡಿ ಬರುತ್ತೇವೆ ಅಂತ ಹೊರಡುತ್ತಾರೆ. ಒಬ್ಬಳು ಕಿರುಚಿಕೊಂಡು ಓಡಿ ಬರುತ್ತಾಳೆ. ಮೂವರು ಬರುವುದಿಲ್ಲ. ನೋಡಿದರೆ ಗಣಿತದ ಟೀಚರೂ ಇಲ್ಲ. ಇಷ್ಟು ಸಿನಿಮಾದ ಮೊದಲ ಅರ್ಧದೊಳಗೇ ಆಗಿಹೋಗುತ್ತದೆ. ಉಳಿದದ್ದು ಆಮೇಲಿನ ಕಥೆ.

ಒಂದು ಸಾಲು ಕೇಳಿದಿರಿ, ಇಷ್ಟುದ್ದ ಆಯಿತು.

ಹಾರರ್ ಸಿನಿಮಾವಾ? ಮಕ್ಕಳನ್ನು ಕರೆತರಬಹುದಾ?

ದೆವ್ವ ಇಲ್ಲ, ರಕ್ತ ಇಲ್ಲ, ಹಿಂದಿನಿಂದ ಬಂದು ಬೆಚ್ಚಿಬೀಳಿಸುವ ಸದ್ದೂ ಇಲ್ಲ. ಹೆಚ್ಚಿನ ಭಾಗ ಹಾಡು ಹಗಲಲ್ಲೇ ನಡೆಯುತ್ತದೆ. ಆದರೂ ರಾತ್ರಿ ಮನೆಗೆ ಹೋಗುವಾಗ ಮೈ ಜುಂ ಅನ್ನುತ್ತದೆ. ಹತ್ತು ವರ್ಷದೊಳಗಿನ ಮಕ್ಕಳು ಹೆದರುವುದಕ್ಕಿಂತ ಜಾಸ್ತಿ ಬೋರ್ ಆಗಿ ಮಲಗುತ್ತಾರೆ. ದೊಡ್ಡ ಮಕ್ಕಳಾದರೆ ಬರಲಿ.

ತುಂಬಾ ಸ್ಲೋ ಅಂತೆ, ಹೌದಾ?

ಹೌದು.

ಆದರೆ ಎಲ್ಲಿ ನಿಧಾನ, ಯಾಕೆ ನಿಧಾನ ಅಂತ ಸ್ವಲ್ಪ ನೋಡಿ. ಊಟದ ನಂತರದ ಆ ದೃಶ್ಯದಲ್ಲಿ ಎಂತದ್ದೂ ಆಗುವುದಿಲ್ಲ. ಕೇಕಿನ ತುಂಡಿಗೆ ಇರುವೆ ಹತ್ತುತ್ತದೆ. ಒಬ್ಬಳು ಭೂತಗನ್ನಡಿ ಹಿಡಿದು ಹೂವು ನೋಡುತ್ತಾಳೆ. ಮತ್ತೊಬ್ಬಳು ಇನ್ನೊಬ್ಬಳ ಮಡಿಲಲ್ಲಿ ತಲೆಯಿಟ್ಟು ಕಣ್ಣು ಮುಚ್ಚಿದ್ದಾಳೆ. ನಮ್ಮಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಕುಚ್ಚಲಕ್ಕಿ ಊಟ ಮಾಡಿ ಚಾವಡಿಯ ತಂಪು ನೆಲದಲ್ಲಿ ಬೆನ್ನು ಚಾಚಿದಾಗ ಆಗುತ್ತದಲ್ಲ, ಎಚ್ಚರವೂ ಅಲ್ಲ ನಿದ್ದೆಯೂ ಅಲ್ಲ, ಅದೇ. ನಿಮ್ಮನ್ನು ಆ ಸ್ಥಿತಿಗೆ ತರದೆ ಮುಂದಿನದ್ದನ್ನು ತೋರಿಸಿದರೆ ನೀವು ನಂಬುವುದಿಲ್ಲ. ಹಾಗಾಗಿ ಮೊದಲು ನಮ್ಮನ್ನು ತೂಕಡಿಸುವ ಹಾಗೆ ಮಾಡುತ್ತಾರೆ, ಮತ್ತೆ ಬಂಡೆ ಹತ್ತಿಸುತ್ತಾರೆ.

ಮೊಬೈಲ್ ಕೈಯಲ್ಲಿದ್ದರೆ ಇದು ಕೆಲಸ ಮಾಡುವುದಿಲ್ಲ. ಅದಕ್ಕೇ ಮೆಟ್ಟಿಲ ಹತ್ತಿರ ಒಂದು ಬೆತ್ತದ ಬುಟ್ಟಿ ಇಟ್ಟಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ, ಅದರಲ್ಲಿ ಹಾಕಿ ಬನ್ನಿ.

ಇಂಡಿಪೆಂಡೆಂಟ್ ಸಿನಿಮಾ ಅಂತೀರಿ. ಹಣ ಯಾರದ್ದು ಮತ್ತೆ?

ಹಾಲಿವುಡ್ ಸ್ಟುಡಿಯೊದ್ದಲ್ಲ. ಪೆಟ್ರೀಷಿಯಾ ಲೊವೆಲ್ ಅಂತ, ಟಿವಿಯಲ್ಲಿ ಮಕ್ಕಳ ಕಾರ್ಯಕ್ರಮ ನಡೆಸಿಕೊಡುತ್ತಿದ್ದವರು, ಕಾದಂಬರಿ ಓದಿ, ಹಕ್ಕು ಪಡೆದು, ಆಗ ಇನ್ನೂ ಹೊಸಬನಾಗಿದ್ದ ವಿಯರ್ ಹತ್ತಿರ ಹೋದರು. ಹಾಲ್ ಮತ್ತು ಜಿಮ್ ಮೆಕೆಲ್‌ರಾಯ್ ಅನ್ನುವ ಇಬ್ಬರು ನಿರ್ಮಾಪಕರು ಜೊತೆಗೆ ಸೇರಿದರು. ಆಗ ಆಸ್ಟ್ರೇಲಿಯಾದಲ್ಲಿ ಸಿನಿಮಾ ಉದ್ಯಮ ಸತ್ತು ಮತ್ತೆ ಕಣ್ಣು ಬಿಡುತ್ತಿದ್ದ ಕಾಲ. 1972ರಲ್ಲಿ ಶುರುವಾದ ಸೌತ್ ಆಸ್ಟ್ರೇಲಿಯನ್ ಫಿಲ್ಮ್ ಕಾರ್ಪೊರೇಷನ್ ಎಂಬ ಆ ರಾಜ್ಯದ ಸರಕಾರಿ ಸಂಸ್ಥೆ ಕೂಡ ದುಡ್ಡು ಹಾಕಿತು. ಅದರಿಂದಲೇ ಬಂಡೆ ವಿಕ್ಟೋರಿಯಾದ್ದು, ಶಾಲೆ ಮಾತ್ರ ದಕ್ಷಿಣ ಆಸ್ಟ್ರೇಲಿಯಾದ ಮಾರ್ಟಿಂಡೇಲ್ ಹಾಲ್ ಎಂಬ ಬಂಗಲೆ. ಒಟ್ಟು ಖರ್ಚು ಐದು ಲಕ್ಷ ಆಸ್ಟ್ರೇಲಿಯನ್ ಡಾಲರಿನ ಒಳಗೆ.

1975ರ ಆಗಸ್ಟ್ 8ರಂದು ಅಡಿಲೇಡಿನಲ್ಲಿ ಮೊದಲ ಪ್ರದರ್ಶನ ಆಯಿತು. ನಮ್ಮ ಲೆಕ್ಕದಲ್ಲಿ ಆಟಿ ತಿಂಗಳೇ. ಇದನ್ನು ನಾನು ಆಟಿಯಲ್ಲಿ ಹಾಕುವುದಕ್ಕೆ ಅದು ಕಾರಣ ಅಲ್ಲ. ಆದರೆ ಗೊತ್ತಾದಾಗ ಖುಷಿಯಾಯಿತು.

ಇಂಗ್ಲಿಷ್ ಸರಿ ಬಾರದವರಿಗೆ ಅರ್ಥ ಆಗುತ್ತದಾ?

ಮಾತು ಕಡಿಮೆ, ಸದ್ದು ಜಾಸ್ತಿ. ಯಾರು ಟೀಚರು, ಯಾರು ಅನಾಥೆ, ಯಾರು ಗಾಡಿಯವ ಅಂತ ಮೊದಲೇ ಎರಡು ನಿಮಿಷ ಹೇಳಿಬಿಡುತ್ತೇನೆ. ನಮ್ಮ ದೊಡ್ಡಮ್ಮನಿಗೆ ಇಂಗ್ಲಿಷಿನ ಒಂದಕ್ಷರ ಬರುವುದಿಲ್ಲ. ಇಡೀ ಕೋಣೆಯಲ್ಲಿ ಈ ಸಿನಿಮಾ ಅತಿ ಚೆನ್ನಾಗಿ ಅರ್ಥವಾದದ್ದು ಅವರಿಗೇ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಎರಡು ಬೇರೆ ಬೇರೆ ಉದ್ದದ ಪ್ರತಿಗಳು ಉಂಟಲ್ಲ, ಯಾವುದನ್ನು ನೋಡಬೇಕು?

ಮೊದಲು ಬಂದದ್ದು 115 ನಿಮಿಷದ್ದು. 1998ರಲ್ಲಿ ವಿಯರ್ ಮತ್ತೆ ಕತ್ತರಿ ಹಾಕಿ 107 ನಿಮಿಷಕ್ಕೆ ಇಳಿಸಿದರು. ಡೈರೆಕ್ಟರ್ಸ್ ಕಟ್ ಅಂದರೆ ಸಾಮಾನ್ಯವಾಗಿ ಉದ್ದ ಆಗುತ್ತದೆ, ಇಲ್ಲಿ ಗಿಡ್ಡ ಆಗಿದೆ. ಈಗ ಹೆಚ್ಚಾಗಿ ಸಿಗುವುದು ಗಿಡ್ಡದ್ದೇ, ನಾವು ಹಾಕುವುದೂ ಅದನ್ನೇ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

(ನೋಡದವರು ಇಲ್ಲಿಗೆ ಎದ್ದು ಹೋಗಿ.)

ಕೊನೆಗೂ ಆ ಹುಡುಗಿಯರು ಎಲ್ಲಿ ಹೋದರು?

ಹೇಳುವುದಿಲ್ಲ. ನಾನಲ್ಲ, ಸಿನಿಮಾ.

ಗೊತ್ತಾಗುವುದು ಇಷ್ಟು. ಮಿರಾಂಡಾ, ಮೇರಿಯನ್, ಇರ್ಮಾ, ಈಡಿತ್ ನಾಲ್ವರು ಹತ್ತಿದರು. ಮೇಲೆ ಮೂವರು ಶೂ, ಕಾಲ್ಚೀಲ ಬಿಚ್ಚಿದರು. ಬಂಡೆಗಳ ಸಂದಿಯಲ್ಲಿ ತಿರುಗಿದರು. ಈಡಿತ್ ಕಿರುಚಿ ಓಡಿ ಬಂದಳು. ಬರುವಾಗ ಕೆಂಪು ಮೋಡ ಕಂಡೆ, ಗಣಿತದ ಟೀಚರ್ ಸ್ಕರ್ಟ್ ಇಲ್ಲದೆ ಮೇಲೆ ಹೋಗುತ್ತಿದ್ದರು ಅಂದಳು. ಪೊಲೀಸರು ಹುಡುಕಿದರು, ನಾಯಿ ಬಿಟ್ಟರು, ಏನೂ ಸಿಗಲಿಲ್ಲ. ಮೈಕೆಲ್ ಎಂಬ ಹುಡುಗ ತಾನೇ ಹುಡುಕಿಕೊಂಡು ಹೋಗಿ ಅರೆಜೀವವಾಗಿ ಸಿಕ್ಕ, ಮುಷ್ಟಿಯಲ್ಲಿ ಲೇಸಿನ ಒಂದು ತುಂಡು. ಅದರ ಜಾಡು ಹಿಡಿದು ಗಾಡಿಯವ ಆಲ್ಬರ್ಟ್ ಹೋದಾಗ ಇರ್ಮಾ ಜೀವಂತ ಸಿಕ್ಕಿದಳು. ಅವಳಿಗೆ ಏನೂ ನೆನಪಿಲ್ಲ. ಮೈಮೇಲೆ ಕಾರ್ಸೆಟ್, ಅಂದರೆ ಸೊಂಟ ಬಿಗಿಯುವ ಒಳ ಉಡುಪು, ಇಲ್ಲ. ಉಳಿದವರು ಸಿಗಲೇ ಇಲ್ಲ.

ಇಷ್ಟರಿಂದ ನೀವು ಯಾವ ಉತ್ತರ ಕಟ್ಟಿದರೂ ಒಂದು ತುಂಡು ಹೊರಗೆ ಉಳಿಯುತ್ತದೆ. ಯಾರೋ ಅಪಹರಿಸಿದರು ಅಂದರೆ ಆ ಸ್ಕರ್ಟ್ ಬಿಟ್ಟ ಟೀಚರನ್ನು ಎಲ್ಲಿ ಇಡುತ್ತೀರಿ? ಬಿರುಕಿಗೆ ಬಿದ್ದರು ಅಂದರೆ ಕಾರ್ಸೆಟ್ ಎಲ್ಲಿ ಹೋಯಿತು? ನಮ್ಮಲ್ಲಿ ಬರುವ ಒಬ್ಬ ಇಂಜಿನಿಯರ್ ಹುಡುಗ ಮೂರು ವರ್ಷದಿಂದ ಕಾಗದದ ಮೇಲೆ ಬಂಡೆಯ ನಕ್ಷೆ ಬರೆದುಕೊಂಡು ಬರುತ್ತಿದ್ದಾನೆ. ಪ್ರತಿ ವರ್ಷ ಹೊಸ ನಕ್ಷೆ.

ಇದು ನಿಜವಾಗಿ ನಡೆದದ್ದಲ್ವಾ? ಶುರುವಿನಲ್ಲಿ ತಾರೀಖು ಸಮೇತ ಹಾಕುತ್ತಾರಲ್ಲ?

ಅಲ್ಲ. ಹಾಗೆ ನಂಬಿದವರು ಆಸ್ಟ್ರೇಲಿಯಾದಲ್ಲೂ ಬೇಕಾದಷ್ಟು ಇದ್ದಾರೆ. ಜನ ಕೇಳಿದಾಗ ಲಿಂಡ್ಸೆ ಹೌದು ಅಂತಲೂ ಹೇಳುತ್ತಿರಲಿಲ್ಲ, ಅಲ್ಲ ಅಂತಲೂ ಹೇಳುತ್ತಿರಲಿಲ್ಲ. ಆದರೆ ಅಂಥ ಘಟನೆ ನಡೆದದ್ದಕ್ಕೆ ದಾಖಲೆ ಇಲ್ಲ. ಇನ್ನೊಂದು ತಮಾಷೆ: ಸಿನಿಮಾದ ಶುರುವಿನ ಬರಹದಲ್ಲಿ ಅದು ಶನಿವಾರ ಅಂತ ಉಂಟು. 1900ರ ಫೆಬ್ರವರಿ 14 ಬುಧವಾರ. ಬೇಕಾದರೆ ಲೆಕ್ಕ ಹಾಕಿ ನೋಡಿ.

ಲೇಖಕಿ ಉತ್ತರ ಬರೆದಿದ್ದರು, ಮತ್ತೆ ತೆಗೆದರು ಅಂತ ಕೇಳಿದೆ.

ನಿಜ. ಕಾದಂಬರಿಗೆ ಇನ್ನೊಂದು ಅಧ್ಯಾಯ ಇತ್ತು. ಪ್ರಕಾಶಕರ ಕಡೆಯವರು ಬೇಡ ಅಂದ ಮೇಲೆ ಬಿಟ್ಟರು. ಲಿಂಡ್ಸೆ ತೀರಿಕೊಂಡದ್ದು 1984ರಲ್ಲಿ, ಆ ಅಧ್ಯಾಯ ಪುಸ್ತಕವಾಗಿ ಬಂದದ್ದು 1987ರಲ್ಲಿ. ಅದರಲ್ಲಿ ಬಂಡೆಯ ಮೇಲಿಂದ ಎಸೆದ ಕಾರ್ಸೆಟ್‌ಗಳು ಕೆಳಗೆ ಬೀಳದೆ ಗಾಳಿಯಲ್ಲೇ ನಿಲ್ಲುತ್ತವೆ. ಜಾಗದಲ್ಲೇ ಒಂದು ತೂತು ಕಾಣಿಸುತ್ತದೆ. ಅದರೊಳಗೆ ಹೋಗುತ್ತಾರೆ.

ಓದಿದ ದಿನ ನನಗೆ ಸಪ್ಪೆ ಅನ್ನಿಸಿತು. ಬೇಡ ಅಂದವರು ಒಳ್ಳೆಯ ಕೆಲಸ ಮಾಡಿದರು. ಸಿನಿಮಾ ಬಂದದ್ದು ಅದಕ್ಕೆ ಹನ್ನೆರಡು ವರ್ಷ ಮೊದಲು, ಹಾಗಾಗಿ ಬಚಾವಾಯಿತು.

ಉತ್ತರವೇ ಇಲ್ಲದ ಸಿನಿಮಾ ಜನಕ್ಕೆ ಯಾಕೆ ಇಷ್ಟ ಆಗುತ್ತದೆ? ನನಗಂತೂ ಮೋಸ ಅನ್ನಿಸಿತು.

ಮೋಸ ಅನ್ನಿಸಿದ್ದು ನಿಮಗೊಬ್ಬರಿಗೇ ಅಲ್ಲ. ಅಮೆರಿಕದ ಒಬ್ಬ ವಿತರಕ ಸಿನಿಮಾ ಮುಗಿದ ಕೂಡಲೇ ಕಾಫಿ ಕಪ್ಪನ್ನು ಪರದೆಗೆ ಎಸೆದ ಅಂತ ವಿಯರ್ ಅವರೇ ಹೇಳಿಕೊಂಡಿದ್ದಾರೆ. ಎರಡು ಗಂಟೆ ಕೂರಿಸಿ ಉತ್ತರ ಕೊಡಲಿಲ್ಲ ಅಂತ ಸಿಟ್ಟು. ಅಮೆರಿಕದಲ್ಲಿ ಬಿಡುಗಡೆಯಾಗಲು 1979 ಆಯಿತು. ನಮ್ಮಲ್ಲಿ ಹತ್ತಿರದ ಸಂಬಂಧದ ಒಬ್ಬರು ಮಾವ ಇದ್ದಾರೆ, ಅವರೂ ಇದೇ ಪಕ್ಷ. “ಎಂತ ಮಾರಾಯ, ಕೂರಿಸಿ ಕೂರಿಸಿ ಕೊನೆಗೆ ಕೈ ತೊಳೆಸಿ ಕಳಿಸ್ತೀಯಲ್ಲ, ಊಟ ಎಲ್ಲಿ?” ಅನ್ನುತ್ತಾರೆ. ಆದರೂ ಪ್ರತಿ ವರ್ಷ ಬರುತ್ತಾರೆ. ಗೋಳಿಬಜೆಗೆ ಅಂತ ಹೇಳುತ್ತಾರೆ.

ನನ್ನ ಉತ್ತರ ಸ್ವಲ್ಪ ಉದ್ದ. ಮೊದಲ ವರ್ಷ ಸಿನಿಮಾ ಮುಗಿದು ಲೈಟ್ ಹಾಕಿದಾಗ ಗಲಾಟೆಯೇ ಗಲಾಟೆ. ಒಬ್ಬರು ಕೊಲೆ ಅಂದರು, ಒಬ್ಬರು ಬೇರೆ ಗ್ರಹ ಅಂದರು. ದೊಡ್ಡಮ್ಮ ಕಿಟಕಿಯ ಹತ್ತಿರದ ಬೆತ್ತದ ಕುರ್ಚಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ತಲೆಯೆತ್ತದೆ ಹೇಳಿದರು: “ಅಕುಲು ಮಾಯ ಆಯೆರ್, ಆತೆ.” ಅವರು ಮಾಯವಾದರು, ಅಷ್ಟೆ. ಎಲೆ ಮಡಚಿ ಬಾಯಿಗೆ ಹಾಕಿಕೊಂಡರು. ಅವರ ಪಾಲಿಗೆ ಚರ್ಚೆ ಮುಗಿದಿತ್ತು.

ತುಳುನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗಾಗಿ ಹೇಳುತ್ತೇನೆ. ಪಾಡ್ದನ ಅಂದರೆ ತುಳುವಿನ ಕಥನ ಹಾಡು. ಅವುಗಳಲ್ಲಿ ಜೋಗ ಅಂದರೆ ಕಣ್ಣಿಗೆ ಕಾಣುವ ರೂಪ, ಮಾಯ ಅಂದರೆ ಕಾಣದ ಲೋಕ. ನಮ್ಮ ಎಷ್ಟೋ ದೈವಗಳು ಮೊದಲು ಮನುಷ್ಯರಾಗಿ ಬದುಕಿ, ಒಂದು ದಿನ ಜೋಗ ಬಿಟ್ಟು ಮಾಯಕ್ಕೆ ಸಂದವರು. ಕೊರಗ ತನಿಯ ಮಾದಳ ಹಣ್ಣು ಕೊಯ್ಯಲು ಹೋಗಿ ಮಾಯವಾದ. ಮಂಗಳೂರಿನ ಪಕ್ಕದ ಕುತ್ತಾರಿನಲ್ಲಿ ಇವತ್ತಿಗೂ ಜನ ಅವನಿಗೆ ಕೈಮುಗಿಯುತ್ತಾರೆ. ಅವನು ಯಾವ ಕಡೆಯಿಂದ ಬಿದ್ದ, ಯಾರಾದರೂ ದೂಡಿದರಾ ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಆಮೇಲೆ ನಾನು ಇದೇ ಮಾತನ್ನು ಎಲ್ಲರಿಗೂ ದೊಡ್ಡದಾಗಿ ಹೇಳಿಕೊಂಡು ತಿರುಗಿದೆ: ನೋಡಿ, ಆಸ್ಟ್ರೇಲಿಯಾದವರು ಸಿನಿಮಾ ಮಾಡಿದ್ದಕ್ಕೆ ನಮ್ಮಲ್ಲಿ ಒಂದು ಶಬ್ದವೇ ಉಂಟು! ಎರಡನೇ ವರ್ಷ ಶಾಲೆಯ ಟೀಚರ್ ಒಬ್ಬರು ನನ್ನನ್ನು ಅರ್ಧದಲ್ಲೇ ತಡೆದರು. “ನಮ್ಮಲ್ಲಿ ಮಾಯವಾದವರು ಬರ್ತಾರಲ್ಲ? ನೇಮದಲ್ಲಿ ನಿಂತು ನುಡಿ ಕೊಡ್ತಾರೆ, ಬೈತಾರೆ, ಸಮಾಧಾನ ಹೇಳ್ತಾರೆ. ಈ ಹುಡುಗಿ ಬರ್ಲಿಕ್ಕಿಲ್ಲ.” ನೇಮ ಅಂದರೆ ದೈವದ ಕೋಲ. ಅವರು ಹೇಳಿದ್ದೇ ಸರಿ. ಅದನ್ನು ಕೇಳಿದ ಮೇಲೆ ಸಿನಿಮಾ ನನಗೆ ಬೇರೆಯೇ ಕಂಡಿತು.

ಸಿನಿಮಾದ ಆ ಶಾಲೆಯವರ ಹತ್ತಿರ ಮಾಯ ಅನ್ನುವ ಶಬ್ದ ಇಲ್ಲ. ಪೊಲೀಸ್ ರಿಪೋರ್ಟ್ ಉಂಟು, ಡಾಕ್ಟರ ಸರ್ಟಿಫಿಕೇಟ್ ಉಂಟು. ಕಾಣೆಯಾದವರಿಗಾಗಿ ಒಂದು ಎಲೆ ಬಡಿಸುವ ಕ್ರಮ ಇಲ್ಲ, ಕೇಳಲಿಕ್ಕೆ ಒಂದು ಕಡೆ ಇಲ್ಲ. ಸಿನಿಮಾದ ಎರಡನೇ ಅರ್ಧ ನೋಡಿ. ಪೋಷಕರು ಒಬ್ಬೊಬ್ಬರೇ ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಹೆಡ್‌ಮಿಸ್ಟ್ರೆಸ್ ಮಿಸೆಸ್ ಆಪಲ್‌ಯಾರ್ಡ್ ಕುಡಿಯಲು ಶುರು ಮಾಡುತ್ತಾರೆ. ಬದುಕಿ ಬಂದ ಇರ್ಮಾ ಕೆಂಪು ಬಟ್ಟೆ ತೊಟ್ಟು ಗೆಳತಿಯರನ್ನು ನೋಡಲು ಬಂದರೆ, ಅದೇ ಗೆಳತಿಯರು ಸುತ್ತುಗಟ್ಟಿ ಮೈಮೇಲೆ ಬೀಳುತ್ತಾರೆ: ಹೇಳು, ಹೇಳು, ಏನಾಯಿತು ಹೇಳು! ಆ ಕಾಫಿ ಕಪ್ ಎಸೆದವನೂ ಅದನ್ನೇ ಕೇಳಿದ್ದಲ್ವಾ? ಬಂಡೆಯ ಮೇಲೆ ಎಂತ ಆಯಿತು ಅನ್ನುವುದನ್ನು ನಾನು ಈಗ ಕೇಳುವುದಿಲ್ಲ. ಕೆಳಗೆ ಉಳಿದವರಿಗೆ ಎಂತ ಆಯಿತು ಅಂತ ನೋಡಲಿಕ್ಕೆ ಪ್ರತಿ ವರ್ಷ ಕೂರುತ್ತೇನೆ.

ಎಲ್ಲವೂ ಕನಸಿನ ಹಾಗೆ ಮಬ್ಬಾಗಿ, ಬಂಗಾರದ ಬಣ್ಣದಲ್ಲಿ ಕಾಣುತ್ತದಲ್ಲ. ಅದು ಹೇಗೆ ಮಾಡಿದ್ದು?

ಮದುಮಗಳ ಮುಸುಕಿನ ಬಟ್ಟೆ. ನಿಜವಾಗಿಯೂ ಅಷ್ಟೆ. ಛಾಯಾಗ್ರಾಹಕ ರಸೆಲ್ ಬಾಯ್ಡ್ ಅಲ್ಲಿನ ಮದುವೆಗಳಲ್ಲಿ ಮುಖದ ಮೇಲೆ ಇಳಿಬಿಡುವ ತೆಳು ಬಲೆಬಟ್ಟೆ ತಂದು ಲೆನ್ಸಿನ ಮುಂದೆ ಕಟ್ಟಿದರು. ಬೆಳಕು ಅದರ ಎಳೆಗಳಲ್ಲಿ ಚದುರಿ ಮುಖದ ಅಂಚು ಕರಗಿದ ಹಾಗೆ ಕಾಣುತ್ತದೆ. ಕಂಪ್ಯೂಟರ್ ಇಲ್ಲದ ಕಾಲ ನೋಡಿ. ಈ ಕೆಲಸಕ್ಕೆ ಅವರಿಗೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಮುಂದೆ ಇದೇ ವಿಯರ್ ಜೊತೆಗೆ ಮಾಡಿದ 2003ರ ಒಂದು ಚಿತ್ರಕ್ಕೆ ಆಸ್ಕರ್ ಕೂಡ ಸಿಕ್ಕಿತು.

ನಾವು ಒಮ್ಮೆ ಪರೀಕ್ಷೆ ಮಾಡಿದೆವು. ಹಳೆಯ ಸೊಳ್ಳೆಪರದೆಯ ಒಂದು ತುಂಡನ್ನು ಮೊಬೈಲ್ ಕ್ಯಾಮೆರಾಕ್ಕೆ ಬಿಗಿದು, ಸಂಜೆ ಬಿಸಿಲಿಗೆ ಅಂಗಳದಲ್ಲಿ ಒಬ್ಬಳು ಹುಡುಗಿಯನ್ನು ನಿಲ್ಲಿಸಿದೆವು. ಮೊದಲ ಫೋಟೊದಲ್ಲಿ ಬಲೆಯ ಚೌಕುಳಿಯೇ ಕಂಡಿತು. ನೂಲು ಇನ್ನೂ ಸಪೂರ ಬೇಕು. ಅಮ್ಮನ ಹಳೆ ವಾಯಿಲ್ ಸೀರೆಯ ಸೆರಗು ಹಿಡಿದಾಗ ಸ್ವಲ್ಪ ಹತ್ತಿರ ಬಂತು. ಸೂರ್ಯ ಅವಳ ಹಿಂದೆ ಇದ್ದಾಗ ಕೂದಲ ಸುತ್ತ ಬೆಳಕು ಹಬ್ಬಿತು, ನಾವೆಲ್ಲ ಒಮ್ಮೆಗೇ ಹೋ ಅಂದೆವು. ಸೂರ್ಯ ನಮ್ಮ ಹಿಂದೆ ಬಂದರೆ ಸುಮ್ನೆ ಕೊಳಕು ಲೆನ್ಸಿನ ಹಾಗೆ ಅಷ್ಟೆ. ಮತ್ತೆ ಸಿನಿಮಾ ನೋಡುವಾಗ ಗಮನಿಸಿದೆ. ಚಂದ ಕಂಡಲ್ಲೆಲ್ಲ ಬೆಳಕು ಹುಡುಗಿಯರ ಹಿಂದಿನಿಂದ ಬರುತ್ತದೆ.

ಆ ಕೊಳಲು ಯಾರದ್ದು? ತಲೆಯಿಂದ ಹೋಗುವುದೇ ಇಲ್ಲ.

ನಮ್ಮ ಕೊಳಲಲ್ಲ, ಪ್ಯಾನ್ ಫ್ಲೂಟ್. ಉದ್ದ ಗಿಡ್ಡ ಕೊಳವೆಗಳನ್ನು ಸಾಲಾಗಿ ಜೋಡಿಸಿದ ವಾದ್ಯ. ನುಡಿಸಿದವರು ರೊಮೇನಿಯಾದ ಘಿಯೋರ್ಗೆ ಝಂಫೀರ್, ಹಿಂದೆ ಆರ್ಗನ್. ಸಿನಿಮಾದಲ್ಲಿ ಬೀಥೊವನ್ ಕೂಡ ಕೇಳುತ್ತದೆ. 

ಅದಕ್ಕಿಂತ ಮಜಾ ಉಂಟು. ಬಂಡೆಯ ದೃಶ್ಯಗಳಲ್ಲಿ ತಳದಲ್ಲಿ ಒಂದು ಗುಂಯ್ ಅನ್ನುವ ಸದ್ದು ಇದೆ. ಭೂಕಂಪದ ಸದ್ದನ್ನು ನಿಧಾನಗೊಳಿಸಿ ಸೇರಿಸಿದ್ದು. ಕಿವಿಗೆ ಸರಿಯಾಗಿ ಕೇಳುವುದಿಲ್ಲ, ಹೊಟ್ಟೆಗೆ ಗೊತ್ತಾಗುತ್ತದೆ. ಮೊಬೈಲಿನ ಸ್ಪೀಕರಿನಲ್ಲಿ ನೋಡಿದರೆ ಇದು ಪೂರ್ತಿ ತಪ್ಪಿಹೋಗುತ್ತದೆ. ನಮ್ಮಲ್ಲಿ ಅಷ್ಟು ದೊಡ್ಡ ಸ್ಪೀಕರ್ ಇಲ್ಲ, ಆದರೆ ಹಂಚಿನ ಮೇಲೆ ಮಳೆ ಹೊಡೆಯುವ ಸದ್ದು ಆ ಜಾಗವನ್ನು ಚೆನ್ನಾಗಿ ತುಂಬುತ್ತದೆ. ಒಂದು ವರ್ಷ ಮಳೆ ಇರಲಿಲ್ಲ. ಸಿನಿಮಾ ಅಷ್ಟು ಹಿಡಿಯಲಿಲ್ಲ.

ಗಡಿಯಾರಗಳು ಹನ್ನೆರಡಕ್ಕೆ ನಿಲ್ಲುವುದು ಯಾಕೆ?

ಗೊತ್ತಿಲ್ಲ ಅಂತ ಸಿನಿಮಾದಲ್ಲಿ ಪಿಕ್ನಿಕ್‌ಗೆ ಹೋದವರೇ ಹೇಳುತ್ತಾರೆ, ಅಯಸ್ಕಾಂತ ಇರಬಹುದು ಅಂತಲೂ ಒಂದು ಮಾತು ಬರುತ್ತದೆ. ಲಿಂಡ್ಸೆ ತಾವು ಹತ್ತಿರ ಹೋದರೆ ಗಡಿಯಾರ ನಿಲ್ಲುತ್ತದೆ ಅನ್ನುತ್ತಿದ್ದರು. ‘ಟೈಮ್ ವಿದೌಟ್ ಕ್ಲಾಕ್ಸ್’ ಅಂತಲೇ ಅವರ ಆತ್ಮಕಥೆಯ ಹೆಸರು, 1962ರದ್ದು.

ಆ ಸಾರಾ ಎಂಬ ಹುಡುಗಿಯ ಕಥೆ ಯಾಕೆ ಬೇಕಿತ್ತು? ಅವಳು ಪಿಕ್ನಿಕ್‌ಗೇ ಹೋಗಿಲ್ಲವಲ್ಲ?

ಈ ಪ್ರಶ್ನೆ ಕೇಳಿದವರ ಹತ್ತಿರ ಕೂತು ನಾನು ಎರಡನೇ ಚಾ ಕುಡಿಯುತ್ತೇನೆ.

ಸಾರಾ ಅನಾಥೆ. ಪದ್ಯ ಬಾಯಿಪಾಠ ಮಾಡಲಿಲ್ಲ ಅಂತ ಅವಳನ್ನು ಪಿಕ್ನಿಕ್‌ಗೆ ಬಿಡಲಿಲ್ಲ. ಅವಳ ಫೀಸು ಬಾಕಿ. ಅವಳಿಗೆ ಇದ್ದದ್ದು ಮಿರಾಂಡಾ ಒಬ್ಬಳೇ, ಅವಳೂ ಬೆಳಿಗ್ಗೆಯೇ ನಾನು ಇನ್ನು ಜಾಸ್ತಿ ದಿನ ಇಲ್ಲಿರುವುದಿಲ್ಲ ಅಂದುಬಿಟ್ಟಿದ್ದಾಳೆ. ಸಾರಾಳಿಗೆ ಅನಾಥಾಲಯದಲ್ಲಿ ಬೇರೆಯಾದ ಒಬ್ಬ ಅಣ್ಣ ಇದ್ದಾನೆ, ಬರ್ಟಿ. ಅವನು ಎಲ್ಲಿದ್ದಾನೋ ಅವಳಿಗೆ ಗೊತ್ತಿಲ್ಲ.

ನಮಗೆ ಗೊತ್ತು. ಗಾಡಿಯವ ಆಲ್ಬರ್ಟ್ ತಂಗಿಯ ಬಗ್ಗೆ ಮಾತಾಡುವಾಗ ಸರಕ್ಕನೆ ಹೊಳೆಯುತ್ತದೆ. ಅದೇ ಊರಿನ ಸುತ್ತ, ಅದೇ ಕಾಣೆಯಾದ ಹುಡುಗಿಯರನ್ನು ಹುಡುಕುತ್ತಾ ಓಡಾಡುತ್ತಿರುವವನು ಇವಳ ಅಣ್ಣ. ಇಡೀ ಊರು ಮೂರು ಸಿರಿವಂತರ ಮಕ್ಕಳಿಗಾಗಿ ಪೊದೆ ಪೊದೆ ಜಾಲಾಡುತ್ತದೆ. ಕಣ್ಣೆದುರೇ ಇರುವ ಈ ಇಬ್ಬರನ್ನು ಯಾರೂ ಸೇರಿಸುವುದಿಲ್ಲ. ಸಾರಾ ಸತ್ತ ರಾತ್ರಿ ಅವಳು ಆಲ್ಬರ್ಟನ ಕನಸಿಗೆ ಬರುತ್ತಾಳೆ. ಮರುದಿನ ಅವನು ಅದನ್ನು ಮೈಕೆಲ್‌ಗೆ ಸಾಮಾನ್ಯ ಸಂಗತಿಯ ಹಾಗೆ ಹೇಳುತ್ತಾನೆ, ಕೋಣೆಯಲ್ಲಿ ಹೂವಿನ ವಾಸನೆ ಬಂತು ಅಂತ. ಅವನಿಗೆ ಗೊತ್ತಾಗುವುದೇ ಇಲ್ಲ. ನಾನು ಅಳುವುದು ಅಲ್ಲಿ, ಬಂಡೆಯಲ್ಲಿ ಅಲ್ಲ.

ನಮ್ಮ ಕಲ್ಕುಡ ಕಲ್ಲುರ್ಟಿಯ ಪಾಡ್ದನ ಗೊತ್ತಿದ್ದವರಿಗೆ ಇದು ಇನ್ನೂ ಚುಚ್ಚುತ್ತದೆ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಕಲ್ಕುಡ ಇನ್ನೆಲ್ಲೂ ಅಂಥದ್ದು ಕೆತ್ತಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಅವನು ಹಾಗೆಯೇ ವೇಣೂರಿಗೆ ಹೋಗಿ ಮತ್ತೊಬ್ಬ ಗೊಮ್ಮಟನನ್ನು ಕೆತ್ತುತ್ತಾನೆ. ತಂಗಿ ಕಲ್ಲುರ್ಟಿ ಅಣ್ಣನನ್ನು ಹುಡುಕುತ್ತಾ ಬರುತ್ತಾಳೆ, ಅವಳಿಗೆ ಅವನು ಸಿಗುತ್ತಾನೆ. ಇಬ್ಬರೂ ಒಟ್ಟಿಗೇ ಮಾಯವಾಗುತ್ತಾರೆ, ಮತ್ತೆ ಅರಸನನ್ನು ಸುಮ್ಮನೆ ಬಿಡುವುದಿಲ್ಲ. ಶಾಸನದ ಪ್ರಕಾರ ಕಾರ್ಕಳದ್ದು 1432, ವೇಣೂರಿನದ್ದು 1604. ನಡುವೆ 172 ವರ್ಷ. ಪಾಡ್ದನಕ್ಕೆ ಆ ಲೆಕ್ಕ ಬೇಡ, ಅದಕ್ಕೆ ಅಣ್ಣ ತಂಗಿ ಸಿಗಬೇಕು. ಸಿನಿಮಾ ಅದನ್ನೂ ಕೊಡುವುದಿಲ್ಲ.

ಬಂಡೆ ನಿಜವಾಗಿ ಉಂಟಾ? ಹೋಗಿ ನೋಡಬಹುದಾ?

ಉಂಟು, ಮೆಲ್ಬರ್ನಿನಿಂದ ವಾಯುವ್ಯಕ್ಕೆ, ಮೌಂಟ್ ಮೆಸಿಡನ್ ಹತ್ತಿರ. ಸಮುದ್ರಮಟ್ಟದಿಂದ 718 ಮೀಟರ್, ಸುತ್ತಲಿನ ಬಯಲಿನಿಂದ 105 ಮೀಟರ್ ಎತ್ತರ. ಮಂದ ಲಾವಾ ಹರಿಯದೆ ಅಲ್ಲೇ ಉಬ್ಬಿ ಗಟ್ಟಿಯಾದದ್ದು, ಅರುವತ್ತು ಲಕ್ಷ ವರ್ಷಕ್ಕೂ ಹಿಂದೆ. ಹೋದವರು ಮೇಲೆ ನಿಂತು ಮಿರಾಂಡಾ ಅಂತ ಕೂಗುವುದು ಒಂದು ವಾಡಿಕೆಯೇ ಆಗಿಬಿಟ್ಟಿದೆ.

ಅಲ್ಲಿಗೆ ಟಿಕೆಟ್ ಮಾಡಲು ದುಡ್ಡಿಲ್ಲದ ನಾವು ಒಂದು ಡಿಸೆಂಬರಿನಲ್ಲಿ ಬೆಳ್ತಂಗಡಿ ಕಡೆಯ ಗಡಾಯಿಕಲ್ಲಿಗೆ ಹೋದೆವು. 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿ ಜಮಾಲಾಬಾದ್ ಅಂತ ಹೆಸರಿಟ್ಟ ಕಲ್ಲು. ಮೆಟ್ಟಿಲು ಹತ್ತಿ ಹತ್ತಿ ಉಸಿರು ಬಿಟ್ಟು, ಅರ್ಧದಲ್ಲಿ ಕಲ್ಲಿಗೆ ಬೆನ್ನು ಕೊಟ್ಟು ಕೂತಾಗ ಯಾರೂ ಮಾತಾಡಲಿಲ್ಲ. ಕಲ್ಲು ಬಿಸಿ ಇತ್ತು. ಕೆಳಗೆ ತೋಟಗಳು ಸಣ್ಣದಾಗಿ ಕಾಣುತ್ತಿದ್ದವು. ಇಳಿದ ಮೇಲೆ ತಲೆ ಎಣಿಸಿದ್ದು ಮಾತ್ರ ಎರಡು ಸಲ.

ಆ ಜಾಗದ ಮೂಲ ಜನ ಸಿನಿಮಾದಲ್ಲಿ ಇಲ್ವಲ್ಲ?

ಒಬ್ಬ ಜಾಡು ಹಿಡಿಯುವವನು ಹುಡುಕಾಟದಲ್ಲಿ ಕಾಣುತ್ತಾನೆ, ಅಷ್ಟೆ. ಆ ಬಂಡೆ ಜಾ ಜಾ ವುರುಂಗ್, ವೊಯ್ ವುರುಂಗ್, ಟೌಂಗುರುಂಗ್ ಜನರದ್ದು. ಅವರಿಗೆ ಅದು ಪವಿತ್ರ ಜಾಗ. ಬಿಳಿಯರು ಬಂದು ಅವರನ್ನು ಒಕ್ಕಲೆಬ್ಬಿಸಿದರು. ಆಮೇಲೆ ಅದೇ ಬಂಡೆಯಲ್ಲಿ ಮೂವರು ಬಿಳಿ ಹುಡುಗಿಯರು ಕಾಣೆಯಾದ ಕಟ್ಟುಕಥೆಗೆ ಲೋಕವೆಲ್ಲ ಮರುಗಿತು. ಆಸ್ಟ್ರೇಲಿಯಾದಲ್ಲೇ ಈ ಮಾತನ್ನು ಬಹಳ ಜನ ಎತ್ತಿದ್ದಾರೆ, ಎತ್ತಬೇಕಾದದ್ದೇ. ಬಂಡೆಯ ಬಗ್ಗೆ ಹೇಳಲು ಶಬ್ದ ಇದ್ದವರು ಅವರು.

ನಮ್ಮ ಕಡೆ ಇಂಥ ಸಿನಿಮಾ ಬಂದಿಲ್ಲವಾ?

ಇದೇ ತರದ್ದು ಅಲ್ಲ. ಆದರೆ ಊರಿನ ಗಾಳಿಯನ್ನೇ ಕಥೆ ಮಾಡಿದ್ದು ಅಂದರೆ 2014ರ ‘ಉಳಿದವರು ಕಂಡಂತೆ’ ಉಂಟಲ್ಲ, ನಮ್ಮ ಮಲ್ಪೆಯದ್ದೇ. ಒಂದೇ ಘಟನೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಬಂದಾಗ ಥಿಯೇಟರಿನಲ್ಲಿ ನೋಡಿದವರಿಗಿಂತ ಆಮೇಲೆ ನೋಡಿ ಹಚ್ಚಿಕೊಂಡವರು ಜಾಸ್ತಿ.

2018ರ ಸೀರೀಸ್ ನೋಡಿದರೆ ಸಾಕಲ್ವಾ?

ಸಾಲದು. ಆರು ಕಂತು, ಎಲ್ಲರಿಗೂ ಹಿನ್ನೆಲೆ ಕೊಟ್ಟು ಬಿಡಿಸಿ ಬಿಡಿಸಿ ಹೇಳಿದ್ದಾರೆ. ಬಟ್ಟೆಬರೆ ಚಂದ ಉಂಟು.

ನೋಡುವಾಗ ಕರೆಂಟ್ ಹೋದರೆ?

ಹೋಗುತ್ತದೆ. ಮಳೆಗಾಲ ಅಲ್ವಾ. ಇನ್ವರ್ಟರಿಗೆ ಪ್ರೊಜೆಕ್ಟರ್ ಎಳೆಯಲು ಆಗುವುದಿಲ್ಲ. ಒಂದು ವರ್ಷ ಸರಿಯಾಗಿ ಹುಡುಗಿಯರು ಬಂಡೆಯ ಸಂದಿಗೆ ತಿರುಗುವಾಗ ಹೋಯಿತು. ಇಪ್ಪತ್ತು ನಿಮಿಷ ಕತ್ತಲಲ್ಲಿ ಮಳೆ ಕೇಳುತ್ತಾ ಕೂತೆವು. ಕರೆಂಟ್ ಬಂದಾಗ ಹದಿನಾಲ್ಕು ಜನರಲ್ಲಿ ಹದಿಮೂರೇ. ಒಂದು ಕ್ಷಣ ಯಾರಿಗೂ ಬಾಯಿ ಹೊರಡಲಿಲ್ಲ. ಮಾವ ಕೆಳಗೆ ಅಡುಗೆಮನೆಯಲ್ಲಿದ್ದರು, ಬಾಣಲೆಯ ಪಕ್ಕ.

ಮುಂದಿನ ಸಲ ಯಾವಾಗ? ಎಂತ ತರಬೇಕು?

ಆಟಿ ಅಮಾವಾಸ್ಯೆ ಕಳೆದ ಮೇಲಿನ ಶನಿವಾರ, ಸಂಜೆ ಆರೂವರೆಗೆ. ಮಂಗಳೂರಿನಿಂದ ಬರುವವರು ಮಣಿಪಾಲದ ಬಸ್ಸಿಗೆ ಹತ್ತಿದರೆ ಕುಂಜಿಬೆಟ್ಟಿನಲ್ಲೇ ಇಳಿಯಬಹುದು. ಕೊಡೆಯನ್ನು ಜಗಲಿಯಲ್ಲಿ ಬಿಡಿಸಿ ಇಡಿ. ಮಹಡಿಯ ಮೆಟ್ಟಿಲು ಜಾರುತ್ತದೆ, ಮೂರನೆಯದು ಜಾಸ್ತಿ. ಬೇರೆ ಎಂತದ್ದೂ ತರುವುದು ಬೇಡ. ಕಿಟಕಿಯ ಹತ್ತಿರದ ಬೆತ್ತದ ಕುರ್ಚಿಯಲ್ಲಿ ಮಾತ್ರ ಕೂರಬೇಡಿ, ಅದು ದೊಡ್ಡಮ್ಮನದ್ದು.